ಪತ್ತನಾಜೆಗೆ ನಾಲ್ಕು ಟೈರು

ಜರ್ಮನಿಯಲ್ಲಿರುವ ನನ್ನ ಭಾವನಿಗೆ ಅಕ್ಟೋಬರ್ ಬಂತೆಂದರೆ ಟೈರಿನ ಚಿಂತೆ. ಅಲ್ಲಿ ಬೇಸಿಗೆಗೊಂದು ಸೆಟ್, ಚಳಿಗಾಲಕ್ಕೊಂದು ಸೆಟ್. ಏಳು ಡಿಗ್ರಿಗಿಂತ ಕೆಳಗಿಳಿದರೆ ಬೇಸಿಗೆ ಟೈರಿನ ರಬ್ಬರು ಗಟ್ಟಿಯಾಗಿ ರಸ್ತೆಯನ್ನು ಸರಿಯಾಗಿ ಕಚ್ಚುವುದಿಲ್ಲವಂತೆ. ಚಳಿಗಾಲದ್ದು ಆ ಚಳಿಯಲ್ಲೂ ಮೆತ್ತಗಿರುತ್ತದೆ, ಆದರೆ ಬಿಸಿ ರಸ್ತೆಯಲ್ಲಿ ಓಡಿಸಿದರೆ ಬೇಗ ಸವೆಯುತ್ತದೆ. ‘ಅಕ್ಟೋಬರಿನಿಂದ ಈಸ್ಟರ್ ತನಕ’ ಎಂಬುದು ಅಲ್ಲಿಯವರ ಬಾಯಿಪಾಠ. ಕಾನೂನು ಮಾತ್ರ ತಾರೀಕಿನ ಗೋಜಿಗೇ ಹೋಗದೆ, ರಸ್ತೆಯಲ್ಲಿ ಹಿಮವೋ ಮಂಜುಗಡ್ಡೆಯೋ ಇದ್ದಾಗ ಹಾಕಿರಬೇಕು ಎಂದು ಹೇಳಿ ಕೈತೊಳೆದುಕೊಂಡಿದೆ.

ಭಾವ ಇರುವುದು ಫ್ರೈಬುರ್ಗ್ ಕಡೆ, ಜರ್ಮನಿಯಲ್ಲೇ ಬೆಚ್ಚಗಿನ ಊರು. ಹಾಕಿಸಿಬಿಟ್ಟರೆ ಚಳಿ ಬರುವುದಿಲ್ಲ. ನಾಳೆ ನೋಡುವ ಎಂದು ಕೂತರೆ ರಾತ್ರೋರಾತ್ರಿ ಹಿಮ ಬಿದ್ದು, ಗ್ಯಾರೇಜಿನವ ಮೂರು ವಾರ ಬಿಟ್ಟು ಬಾ ಅನ್ನುತ್ತಾನೆ. ಇದನ್ನೆಲ್ಲ ಅವನು ವಿಡಿಯೋ ಕಾಲಿನಲ್ಲಿ ತೋಡಿಕೊಳ್ಳುವಾಗ ನನ್ನ ಅಮ್ಮ ಮಫ್ಲರ್ ಸರಿಮಾಡಿಕೊಂಡು, “ಇಲ್ಲಿಯೂ ಭಯಂಕರ ಚಳಿ ಮಗಾ” ಎಂದರು. ಹೊರಗೆ 22 ಡಿಗ್ರಿ. ಮಂಗಳೂರಿನಲ್ಲಿ ಏಳು ಡಿಗ್ರಿ ಸಿಗುವುದು ಫ್ರಿಜ್ಜಿನೊಳಗೆ ಮಾತ್ರ, ಅದೂ ಕರೆಂಟಿದ್ದರೆ.

ಹಾಗಂತ ನಮಗೆ ಟೈರಿನ ಸೀಸನ್ ಇಲ್ಲ ಅಂದುಕೊಳ್ಳಬೇಡಿ. ಮೇ ತಿಂಗಳಿನಲ್ಲಿ ನಮ್ಮ ಮನೆಯಲ್ಲಿ ನಡೆಯುವ ಚರ್ಚೆ ಕೇಳಿದರೆ ಭಾವನಿಗೆ ಸ್ವಲ್ಪ ಸಮಾಧಾನವಾದೀತು. ಒಣ ರಸ್ತೆಯಲ್ಲಿ ಸವೆದ ಟೈರೂ ಏನೂ ಆಗದವರ ಹಾಗೆ ಓಡ್ತದೆ. ಬಂಡವಾಳ ಗೊತ್ತಾಗುವುದು ಮಳೆ ಬಂದ ಮೇಲೆ. ಅಡಿಗೆ ಸಿಕ್ಕಿದ ನೀರನ್ನು ಆಚೆ ದಬ್ಬಬೇಕಾದದ್ದು ಟೈರಿನ ಗೆರೆಗಳು. ಗೆರೆಯೇ ಇಲ್ಲದಿದ್ದರೆ ಚಕ್ರ ನೀರಿನ ಮೇಲೆ ಏರಿ ಕೂರುತ್ತದೆ. ಸುರತ್ಕಲ್ ದಾಟಿ ಪಡುಬಿದ್ರಿ ಕಡೆ ಎಂಬತ್ತರಲ್ಲಿ ಹೋಗುವಾಗ ಸ್ಟಿಯರಿಂಗ್ ಇದ್ದಕ್ಕಿದ್ದಂತೆ ಹಗುರಾದರೆ ಖುಷಿಪಡಬೇಡಿ, ಆ ಹೊತ್ತಿಗೆ ನೀವು ಡ್ರೈವರ್ ಅಲ್ಲ, ಪ್ಯಾಸೆಂಜರ್.

ನಮ್ಮ ಕಾರಿನದ್ದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಟೈರು. ಪೂರ್ತಿ ನೈಸಾಗಿಲ್ಲ, ಚೆನ್ನಾಗಿದೆ ಅನ್ನುವ ಹಾಗೂ ಇಲ್ಲ. ಗೆರೆಯ ತಳದಲ್ಲಿ ಅಲ್ಲಲ್ಲಿ ಅಡ್ಡಕ್ಕೆ ಸಣ್ಣದೊಂದು ರಬ್ಬರಿನ ದಿಣ್ಣೆ ಇರುತ್ತದೆ, ಎತ್ತರ 1.6 ಮಿಲಿಮೀಟರ್. ಟೈರು ಸವೆದು ಅದರ ಮಟ್ಟಕ್ಕೆ ಬಂತೆಂದರೆ ಕತೆ ಮುಗಿಯಿತು. ಅದನ್ನು ನೋಡಲು ಗೇಟಿನ ಹತ್ತಿರ ಟಾರ್ಚ್ ಹಿಡಿದು ಕುಕ್ಕರುಗಾಲಿನಲ್ಲಿ ಕೂತೆ. ಬೆಂಕಿಕಡ್ಡಿ ತೂರಿಸಿದೆ, ಉಗುರು ತಾಗಿಸಿದೆ. ದಿಣ್ಣೆಗೂ ಟೈರಿನ ಮೇಲ್ಮೈಗೂ ನಡುವೆ ಇನ್ನೂ ಉಗುರಿನ ದಪ್ಪದಷ್ಟು ಅಂತರ ಉಂಟು. ದಾರಿಯಲ್ಲಿ ಹೋಗುವವರೆಲ್ಲ “ಪಂಕ್ಚರಾ?” ಎಂದು ಕೇಳಿದರು. ಅಲ್ಲ ಎಂದರೆ, ಮತ್ತೆಂತಕ್ಕೆ ಕೂತದ್ದು ಎಂಬ ಮುಖ ಮಾಡಿಕೊಂಡು ಮುಂದೆ ಹೋದರು. ಕೊನೆಕೊನೆಗೆ ನಾನೇ “ಹೌದು, ಪಂಕ್ಚರು” ಅನ್ನತೊಡಗಿದೆ.

ಉಗುರಿನ ದಪ್ಪದ ಆ ಅಂತರದಲ್ಲಿ ಮನೆಯವರೆಲ್ಲ ಜಾಗ ಮಾಡಿಕೊಂಡರು. ಹೆಂಡತಿಯದ್ದು ಈಗಲೇ ಹಾಕಿಸಿ ಎಂಬ ಪಕ್ಷ. ಹೊಸ ಟೈರನ್ನು ಮೇ ತಿಂಗಳ ಕಾದ ರಸ್ತೆಯಲ್ಲಿ ಯಾಕೆ ಸವೆಸಬೇಕು ಎಂಬುದು ನನ್ನ ವಾದ. ಮಗನ ಮೊಬೈಲು ಇನ್ನು ಹತ್ತು ದಿನ ಬರೀ ಬಿಸಿಲು ಎನ್ನುತ್ತಿತ್ತು. ಅಮ್ಮನ ಲೆಕ್ಕಕ್ಕೆ ಮೊಬೈಲು ಬೇಡ: “ಪತ್ತನಾಜೆಯ ಒಳಗೆ ಆಗಬೇಕು. ಪತ್ತನಾಜೆಗೆ ಹತ್ತು ಹನಿಯಾದರೂ ಮಳೆ ಬೀಳದೆ ಇರುವುದಿಲ್ಲ.”

ತುಳುವರ ಬೇಶ ತಿಂಗಳ ಹತ್ತನೇ ದಿನ ಪತ್ತನಾಜೆ, ಅಂದರೆ ಹೆಚ್ಚುಕಡಿಮೆ ಮೇ 24. ಅಂದಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳೂ ಆ ವರ್ಷಕ್ಕೆ ಮುಗಿದಂತೆ. ಆಕಾಶ ನೋಡದೆ ತಾರೀಕು ನೋಡಿ ನಡೆಯುವ ಪದ್ಧತಿ. ನನಗೆ ನಗು ಬಂತು. ಮುಂಗಾರು ಕೇರಳಕ್ಕೆ ಬರುವ ವಾಡಿಕೆಯ ದಿನ ಜೂನ್ 1, ಆಮೇಲಲ್ಲವೇ ನಮ್ಮ ಸರದಿ? 2023ರಲ್ಲಿ ಅದು ಕೇರಳಕ್ಕೇ ಜೂನ್ 8ರಂದು ಬಂದದ್ದನ್ನೂ ಅಮ್ಮನಿಗೆ ನೆನಪಿಸಿದೆ. “ಮಳೆ ಯಾವಾಗ ಬೇಕಾದರೂ ಬರಲಿ, ಮೇಳದವರಿಗೆ ಗೆಜ್ಜೆ ಬಿಚ್ಚಲಿಕ್ಕೆ ಒಂದು ದಿನ ಬೇಡವಾ?” ಎಂದರು. ಉತ್ತರ ಹೊಳೆಯಲಿಲ್ಲ.

ಅದು 2025. ಆ ವರ್ಷ ಮುಂಗಾರು ಕೇರಳಕ್ಕೆ ಕಾಲಿಟ್ಟದ್ದು ಮೇ 24ರಂದು. 2009ರ ನಂತರ ಅಷ್ಟು ಬೇಗ ಬಂದದ್ದೇ ಇಲ್ಲ. ನಮ್ಮ ಕರಾವಳಿಯಲ್ಲಂತೂ ಅದಕ್ಕೂ ಕೆಲವು ದಿನ ಮೊದಲೇ ಜಡಿಮಳೆ ಶುರು. ಹತ್ತು ಹನಿ ಬಿತ್ತೋ ಇಲ್ಲವೋ ಎಂದು ಎಣಿಸುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಟೈರ್ ಅಂಗಡಿಗೆ ಹೋದರೆ ರಸ್ತೆಯ ತಿರುವಿನವರೆಗೂ ಕಾರುಗಳ ಸಾಲು. ಇಡೀ ಮಂಗಳೂರು ನನ್ನ ಹಾಗೆಯೇ ಉಗುರಿನ ಲೆಕ್ಕ ಹಾಕುತ್ತಿತ್ತು ಎಂದು ಆಗ ಗೊತ್ತಾಯಿತು. “ಮೊನ್ನೆವರೆಗೆ ನಾನಿಲ್ಲಿ ನೊಣ ಹೊಡೀತಾ ಕೂತಿದ್ದೆ ಸಾರ್, ಆಗ ಒಬ್ಬರಿಗೂ ಪುರ್ಸೊತ್ತಿಲ್ಲ” ಎಂದು ಅಂಗಡಿಯವ ಜ್ಯಾಕ್ ತಳ್ಳಿದ. ಅಮ್ಮನ ಪತ್ತನಾಜೆಗೂ ಭಾವನ ಊರಿನವರ ಅಕ್ಟೋಬರಿಗೂ ಒಂದು ಮರ್ಯಾದೆ ಉಂಟು ಅನ್ನಿಸಿದ್ದು ಆ ಸಾಲಿನಲ್ಲೇ. ಹವಾಮಾನ ಇಲಾಖೆ ಮಳೆಯ ಮುನ್ಸೂಚನೆ ಕೊಡಬಹುದು, ಕ್ಯೂವಿನ ಮುನ್ಸೂಚನೆ ಯಾರು ಕೊಡುತ್ತಾರೆ?

ನಮ್ಮ ಸರದಿ ಬಂದಾಗ ಹೆಂಡತಿ ಕೊಡೆ ಬಿಟ್ಟು ಬಗ್ಗಿ, ಹಾಲಿನ ಪ್ಯಾಕೆಟ್ಟಿನ ತಾರೀಕು ನೋಡುವ ಹಾಗೆ ಹೊಸ ಟೈರುಗಳ ಬದಿಯನ್ನು ಓದತೊಡಗಿದಳು. ಅಲ್ಲಿ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಒಂದರಲ್ಲಿ 1821 ಎಂದಿತ್ತು. “ಇದು 2021ರ ಹದಿನೆಂಟನೇ ವಾರದ್ದು. ಬೇರೆ ಕೊಡಿ.” ಅಂಗಡಿಯವ ನನ್ನ ಮುಖ ನೋಡಿದ. ನಾನು ಮಳೆ ನೋಡಿದೆ. ಬೇರೆ ಬಂತು.

ಹಳೆಯ ನಾಲ್ಕನ್ನು ಇಟ್ಟುಕೊಳ್ಳಲು ಆತ ಸುತಾರಾಂ ಒಪ್ಪಲಿಲ್ಲ. ಟೈರಿನೊಳಗೆ ಮಳೆನೀರು ನಿಂತರೆ ಡೆಂಗ್ಯೂ ಸೊಳ್ಳೆ ಮೊಟ್ಟೆಯಿಡುತ್ತದೆ, ತಪಾಸಣೆಗೆ ಬಂದವರು ದಂಡ ಹಾಕಿದರೆ ಕಟ್ಟುವವರು ಯಾರು ಎಂದ. 2019ರ ಡೆಂಗ್ಯೂ ಹಾವಳಿ ನೆನಪಿರುವ ಮಂಗಳೂರಿನವರು ಈ ಮಾತಿಗೆ ಎದುರಾಡುವುದಿಲ್ಲ. ಡಿಕ್ಕಿಯಲ್ಲಿ ಎರಡು, ಹಿಂದಿನ ಸೀಟಿನಲ್ಲಿ ಎರಡು ತುಂಬಿಸಿಕೊಂಡು ಮನೆಗೆ ತಂದು ಜಗಲಿಯಲ್ಲಿ ಇಳಿಸಿದೆವು.

ಸಂಜೆ ಪಕ್ಕದ ಮನೆಯವರು ಕೊಡೆ ಹಿಡಿದುಕೊಂಡು ಬಂದರು. ಒಂದೊಂದನ್ನೇ ಉರುಳಿಸಿ, ಗೆರೆಯೊಳಗೆ ಬೆರಳಾಡಿಸಿ, “ಬಿಸಾಡ್ತೀರಾ? ಇನ್ನೂ ಒಂದು ಮಳೆಗಾಲ ಆರಾಮದಲ್ಲಿ ಬರ್ತದೆ ಮಾರಾಯ್ರೆ. ನನಗೆ ಕೊಡಿ, ನಮ್ಮದಕ್ಕೂ ಇದೇ ಸೈಜು” ಎಂದರು. ನಾನು ಬೇಡವೆನ್ನಲು ಬಾಯಿ ತೆರೆಯುತ್ತ ಗೇಟಿನಾಚೆ ನಿಂತಿದ್ದ ಅವರ ಕಾರಿನ ಕಡೆ ನೋಡಿದೆ. ಅದರ ಟೈರಿನಲ್ಲಿ ಉಗುರು ತಾಗಿಸಲಿಕ್ಕೆ ಗೆರೆಯೇ ಇರಲಿಲ್ಲ.