‘ಜೀರೋ ಕಮಿಷನ್’ ಎಂಬ ಬೋರ್ಡು

ವಿಮಾನ ನಿಲ್ದಾಣದ ಕರೆನ್ಸಿ ಕೌಂಟರಿನ ಈ ಬೋರ್ಡು ಕಂಡರೆ ಮೈ ಉರಿಯುತ್ತದೆ. ಕಮಿಷನ್ ರೇಟಿನೊಳಗೇ ಅಡಗಿ ಕೂತಿರುತ್ತದೆ! ಮಾರುಕಟ್ಟೆಯಲ್ಲಿ ಡಾಲರಿಗೆ 85 ರೂಪಾಯಿ ಇದ್ದು, ಇಲ್ಲಿ 90 ಹೇಳಿದರೆ, ಸಾವಿರ ಡಾಲರಿಗೆ 5,000 ರೂಪಾಯಿ ಹೋಯಿತು. ಜಿಎಸ್‌ಟಿಯನ್ನು ದೂರಬೇಡಿ, ಅದು ಲಕ್ಷಕ್ಕೆ 180 ರೂಪಾಯಿ ಅಷ್ಟೇ. ಹೊರಡುವ ಮೂರ್ನಾಲ್ಕು ದಿನ ಮೊದಲೇ ಊರಿನ ಎರಡು ಮೂರು ಕಡೆ ಒಂದೇ ಪ್ರಶ್ನೆ ಕೇಳಿ: ‘ಎಲ್ಲ ಸೇರಿ ಇಷ್ಟು ಡಾಲರಿಗೆ ಒಟ್ಟು ಎಷ್ಟು ಕೊಡಬೇಕು?’

ವಿದೇಶಕ್ಕೆ ಹೋದ ಮೇಲೂ ಕಾಟ ತಪ್ಪದು. ಎಟಿಎಂ, ಅಂಗಡಿಯ ಕಾರ್ಡ್ ಮಷೀನು ‘ರೂಪಾಯಿಯಲ್ಲೇ ಲೆಕ್ಕ ಹಾಕಲೇ?’ ಎನ್ನುತ್ತವೆ. ಖಂಡಿತ ಒಪ್ಪಬೇಡಿ, ಆ ದರ ಅವರದೇ, ದುಬಾರಿ. ಆ ದೇಶದ ಹಣವನ್ನೇ ಒತ್ತಿ. ಉಳಿದ ನೋಟು ವಾಪಸು ಕೊಟ್ಟರೆ ಕೌಂಟರಿನವರು ಕೊಳ್ಳುವ ದರವೇ ಬೇರೆ, ಕಡಿಮೆ; ಮತ್ತೊಮ್ಮೆ ಜೇಬಿಗೆ ಕತ್ತರಿ.