ಬಾವನ ಫೈಬರ್ ದೋಣಿ, ನನ್ನ ತಗಡಿನ ದೋಣಿ

ಅಮೆರಿಕದ ಮಿನ್ನೆಸೋಟದಲ್ಲಿ ನಾನು ಇಟ್ಟುಕೊಂಡಿರುವುದು 16 ಅಡಿಯ ಅಲ್ಯೂಮಿನಿಯಂ ದೋಣಿ. ಗಂಗೊಳ್ಳಿಯ ನನ್ನ ಬಾವನದು ಫೈಬರ್ ದೋಣಿ. ಇಬ್ಬರ ದೋಣಿಯಲ್ಲೂ ನೀರಿನೊಳಗಿನ ಮೀನನ್ನೂ ತಳವನ್ನೂ ಪರದೆಯಲ್ಲಿ ತೋರಿಸುವ ಫಿಶ್ ಫೈಂಡರ್ ಇದೆಯಾದರೂ, ನೀರಿಗೆ ಶಬ್ದ ಕಳಿಸಿ ಮರುದನಿಯನ್ನು ಹಿಡಿಯುವ ಅದರ ಟ್ರಾನ್ಸ್‌ಡ್ಯೂಸರನ್ನು ಕೂರಿಸುವ ವಿಷಯದಲ್ಲಿ ಬಾವನ ಕ್ರಮವೇ ಮೇಲೆಂದು ನನಗೆ ತಡವಾಗಿ ತಿಳಿಯಿತು.

ಇಲ್ಲಿ ಎಲ್ಲರೂ ಅದನ್ನು ದೋಣಿಯ ಹಿಂಬದಿಯ ಹಲಗೆಗೆ ಸ್ಕ್ರೂ ಹಾಕಿ ಬಿಗಿಯುತ್ತಾರೆ. ಪ್ರೊಪೆಲ್ಲರಿನಿಂದ ಕನಿಷ್ಠ 38 ಸೆಂಟಿಮೀಟರ್ ದೂರವಿರಬೇಕು, ಅದರ ಎಲೆಗಳು ಕೆಳಮುಖವಾಗಿ ತಿರುಗುವ ಬದಿಯಲ್ಲಿರಬೇಕು, ಅಲ್ಯೂಮಿನಿಯಂ ದೋಣಿಯಾದರೆ ತಳಕ್ಕಿಂತ ಸುಮಾರು 10 ಮಿಲಿಮೀಟರ್ ಕೆಳಗಿರಬೇಕು ಎಂಬುದು ಕೈಪಿಡಿಯ ಮಾತು. ನಾನು ಅಂಗಳದಲ್ಲಿ ಟ್ರೈಲರಿನ ಮೇಲೆ ನಿಂತಿದ್ದ ದೋಣಿಗೆ ಅಳತೆಪಟ್ಟಿ ಹಿಡಿದು, ಇವೆಲ್ಲವನ್ನೂ ಚಾಚೂತಪ್ಪದೆ ಪಾಲಿಸಿ ತೂತು ಕೊರೆದೆ. ಮಿಲ್ ಲ್ಯಾಕ್ಸ್ ಸರೋವರದಲ್ಲಿ ನಿಧಾನವಾಗಿ ಹೋಗುವಾಗ ತಳವು ಸ್ಪಷ್ಟವಾಗಿ ಕಂಡಿತು. ವೇಗ ಹೆಚ್ಚಿಸಿದೊಡನೆ ಪರದೆಯಲ್ಲಿ ಬರಿಯ ಗೀಚು. ಟ್ರಾನ್ಸ್‌ಡ್ಯೂಸರಿನ ನೇರ ಮುಂದೆ ರಿವೆಟ್ಟುಗಳ ಸಾಲಿದ್ದು, ಅಲ್ಲಿ ಎದ್ದ ಗಾಳಿಗುಳ್ಳೆಗಳು ಅದರ ಮುಖದ ಮೇಲೇ ಹಾಯುತ್ತಿದ್ದವು. ನೀರಿನಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ಸಾಗುವ ಶಬ್ದವು ಗಾಳಿ ಎದುರಾದರೆ ಅಲ್ಲಿಂದಲೇ ಹಿಂದಿರುಗುತ್ತದೆ.

ಫೋನಿನಲ್ಲಿ ಇದನ್ನು ಕೇಳಿದ ಬಾವ, "ದೋಣಿಗೆ ತೂತ್ ಮಾಡುಕಾಗ ಬಾವ" ಎಂದು ನಕ್ಕರು. ದಿನವೂ ಮರಳಿನ ಮೇಲೆ ಎಳೆಯುವ ದೋಣಿಯಲ್ಲಿ ಹೊರಗೆ ಚಾಚಿದ್ದು ಯಾವುದೂ ಉಳಿಯದು. ಆದ್ದರಿಂದ ಅವರು ಟ್ರಾನ್ಸ್‌ಡ್ಯೂಸರನ್ನು ಒಳತಳಕ್ಕೆ ಎಪಾಕ್ಸಿಯಿಂದ ಅಂಟಿಸಿದ್ದಾರೆ. ಗಟ್ಟಿ ಫೈಬರಿನ ಮೂಲಕ ಶಬ್ದವು ಸ್ವಲ್ಪ ಬಲ ಕಳೆದುಕೊಂಡರೂ ದಾಟುತ್ತದೆ. ನಡುವೆ ಫೋಮ್, ಮರ ಅಥವಾ ಅಂಟಿನೊಳಗೆ ಸಿಕ್ಕಿಕೊಂಡ ಗುಳ್ಳೆ ಇರಬಾರದು, ಅಷ್ಟೆ. ಅಂಟಿಸುವುದಕ್ಕೆ ಮೊದಲು ಅವರು ಒಳತಳದಲ್ಲಿ ಒಂದಿಷ್ಟು ನೀರು ಹೊಯ್ದು, ಟ್ರಾನ್ಸ್‌ಡ್ಯೂಸರನ್ನು ಅದರಲ್ಲಿ ಒತ್ತಿಟ್ಟು, ಕಡಲಿನಲ್ಲಿ ಪೂರ್ಣ ವೇಗದಲ್ಲಿ ಓಡಿಸಿ, ಮೂರು ಜಾಗ ಬದಲಿಸಿ ನೋಡಿದ್ದರಂತೆ. ಆ ಕೆಲಸಕ್ಕೆ ಒಂದು ಬೆಳಗು ಪೂರ್ತಿ ಹಿಡಿಯಿತು.

ಲೋಹದ ದೋಣಿಗೆ ಒಳಗಿನಿಂದ ಅಂಟಿಸುವ ಉಪಾಯ ನಡೆಯುವುದಿಲ್ಲ. ಆದರೆ ಓಡಿಸಿ ನೋಡಿ ಆಮೇಲೆ ಭದ್ರಪಡಿಸುವ ಕ್ರಮಕ್ಕೆ ಲೋಹವೇನೂ ಅಡ್ಡಿಯಲ್ಲ. ಹಳೆಯ ತೂತುಗಳಿಗೆ ಸೀಲೆಂಟ್ ತುಂಬಿ, ನೀರಿನ ಮಟ್ಟಕ್ಕಿಂತ ಮೇಲೆ ಒಂದು ಪ್ಲಾಸ್ಟಿಕ್ ಹಲಗೆಯನ್ನು ಕೂರಿಸಿದೆ. ಈಗ ಟ್ರಾನ್ಸ್‌ಡ್ಯೂಸರಿನ ಬ್ರಾಕೆಟ್ಟನ್ನು ಎಷ್ಟು ಸಲ ಸರಿಸಿದರೂ ತೂತು ಬೀಳುವುದು ಆ ಹಲಗೆಗೆ ಮಾತ್ರ. ಈ ಒಂದು ಅನುಕೂಲ ಬಾವನಿಗಿಲ್ಲ: ಅವರ ಟ್ರಾನ್ಸ್‌ಡ್ಯೂಸರ್ ಕೆಟ್ಟರೆ ಉಳಿ ಹಿಡಿದು ಕೆತ್ತಿಯೇ ತೆಗೆಯಬೇಕು.