ಬುದ್ಧಿ ಇದ್ದವರು ಎಲ್ಲರನ್ನೂ ಸಮಾನವಾಗಿ ಕಾಣಲೇಬೇಕೇ?

ಪರ: ನಾಲ್ಕನೆಯವನ ಜಾಗ

ಮುಂಬೈ ಲೋಕಲ್‌ನಲ್ಲಿ ಮೂರು ಜನರ ಸೀಟಿನಲ್ಲಿ ನಾಲ್ಕು ಜನ ಕೂರುತ್ತೇವೆ. ನಿಂತವನು 'ಥೋಡಾ ಸರ್ಕೋ' ಅಂದರೆ ಸಾಕು, ಮೂವರೂ ಸರಿಯುತ್ತಾರೆ. ಯಾವ ಊರು, ಯಾವ ಜನ ಎಂದು ಕೇಳುವುದಿಲ್ಲ. ನಿನ್ನೆ ಡೊಂಬಿವಲಿಯಲ್ಲಿ ಹತ್ತಿ ಹಾಗೆ ಕೇಳಿದವನು ನಾನೇ. ಕಾಲು ನೋಯುತ್ತಿತ್ತು. ಇವತ್ತು ಎದುರು ನಿಂತವನ ಕಾಲೂ ನೋಯುತ್ತಿದೆ. ನನ್ನ ನೋವಿಗೆ ಬೆಲೆ ಇದೆ, ಅವನದಕ್ಕಿಲ್ಲ ಎನ್ನಬೇಕಾದರೆ ನಮ್ಮಿಬ್ಬರ ನಡುವೆ ಏನಾದರೂ ವ್ಯತ್ಯಾಸ ತೋರಿಸಬೇಕು ಅಲ್ವಾ? 'ಇದು ನನ್ನ ಕಾಲು' ಎನ್ನುವುದು ಸಾಲದು. ಅವನೂ ಅದನ್ನೇ ಹೇಳಬಲ್ಲ.

ಯೋಚಿಸಬಲ್ಲ ಯಾರನ್ನೂ ಬರೀ ಸಾಧನವಾಗಿ ಬಳಸಬಾರದು ಎಂದು ಜರ್ಮನಿಯ ತತ್ವಜ್ಞಾನಿ ಕಾಂಟ್ 1785ರಲ್ಲಿ ಬರೆದ. ಮನುಷ್ಯನ ಬೆಲೆ ಅವನಿಂದ ನಮಗಾಗುವ ಉಪಯೋಗದಿಂದ ಬಂದದ್ದಲ್ಲ. ಮಾಟುಂಗದ ಹೋಟೆಲುಗಳಲ್ಲಿ ಈ ಮಾತು ನೆನಪಾಗುತ್ತದೆ. ಗಲ್ಲಾದಲ್ಲಿ ಕೂತವರಿಗೆ 'ನಮಸ್ಕಾರ ಶೆಟ್ರೇ', ಟೇಬಲ್ ಒರೆಸುವ ಹುಡುಗನಿಗೆ 'ಏಯ್'. ಹೀಗೆ ಕರೆಯುವವರು ಒರಟರು ಮಾತ್ರವಲ್ಲ, ಅವರ ಲೆಕ್ಕವೇ ತಪ್ಪಿದೆ.

ವಿರೋಧ: ಲೆಕ್ಕ ತಪ್ಪಿಲ್ಲ

'ಏಯ್' ಎಂದವನಿಗೆ ಹುಡುಗನಿಗೆ ಬೇಸರವಾಗುತ್ತದೆ ಎಂದು ಗೊತ್ತು. ಗೊತ್ತಿದ್ದೂ ತಟ್ಟುವುದಿಲ್ಲ. ನನ್ನ ಕಾಲುನೋವು ನನ್ನನ್ನು ಕೂರಿಸಲಿ, ಅವನದು ಅವನಿಗೆ ಜಾಗ ಹುಡುಕಿಸಲಿ ಎಂದರೆ ಇಬ್ಬರಿಗೂ ಒಂದೇ ನಿಯಮ ಹಾಕಿದಂತಾಯಿತು. ಇದರಲ್ಲಿ ತರ್ಕ ಎಲ್ಲಿ ಮುರಿಯಿತು? ನನ್ನ ಬೆರಳಿಗೆ ಗೀರು ಬೀಳುವುದಕ್ಕಿಂತ ಲೋಕವೇ ನಾಶವಾಗಲಿ ಎಂದುಕೊಂಡರೂ ಅದು ಬುದ್ಧಿಗೆ ವಿರುದ್ಧವಲ್ಲ ಎಂದ ಸ್ಕಾಟ್ಲೆಂಡಿನ ತತ್ವಜ್ಞಾನಿ ಹ್ಯೂಮ್. ಇಂಗ್ಲೆಂಡಿನ ತತ್ವಜ್ಞಾನಿ ಸಿಜ್ವಿಕ್ ಎಲ್ಲರ ಹಿತದ ಪರವಾಗಿಯೇ ವಾದಿಸಿದವನು. ಅವನೂ 1874ರಲ್ಲಿ ಒಪ್ಪಿಕೊಂಡ: ಸ್ವಂತ ಹಿತ ನೋಡುವುದೂ ಬುದ್ಧಿಗೆ ಒಪ್ಪುತ್ತದೆ, ಎಲ್ಲರ ಹಿತ ನೋಡುವುದೂ ಒಪ್ಪುತ್ತದೆ, ಬರೀ ತರ್ಕದಿಂದ ಇವೆರಡನ್ನೂ ಕೂಡಿಸಲು ಆಗುವುದಿಲ್ಲ.

ಹಾಗೆಂದು ನಾನು 'ಏಯ್' ಎಂದವನ ಪರವಲ್ಲ. ಅವನು ದಡ್ಡನಲ್ಲ, ಕೆಟ್ಟವನು. ಎರಡನ್ನೂ ಬೆರೆಸಿದರೆ ಅವನ ತಪ್ಪನ್ನು ಸಣ್ಣದು ಮಾಡಿದಂತೆ.

ನಮ್ಮ ಅಪ್ಪನೂ ಅಂಥ ಹುಡುಗನೇ. ಕುಂದಾಪುರದ ಕಡೆಯಿಂದ ಬಂದು ಮುಂಬೈ ಹೋಟೆಲಿನಲ್ಲಿ ಲೋಟ ತೊಳೆದವರು. ಬೆಳಗಿನಿಂದ ನೀರಿನಲ್ಲೇ ಇದ್ದು ಬೆರಳು ಬಿಳಿಚಿ ಸುಕ್ಕುಗಟ್ಟುತ್ತಿದ್ದವಂತೆ. ಒಂದು ದಿನ ಅಡುಗೆ ಭಟ್ಟರು ಆ ಬೆರಳು ಹಿಡಿದು ನೋಡಿದರು. ಅವರಿಗೆ ಕರುಳು ಚುರುಕ್ ಎಂದಿತು. ಊರಲ್ಲಿ ಅವರಿಗೂ ಅದೇ ವಯಸ್ಸಿನ ಮಗನಿದ್ದ. ಮರುದಿನದಿಂದ ಸಂಜೆಯ ಲೋಟಗಳನ್ನು ತಾವೇ ತೊಳೆದು, ಅಪ್ಪನನ್ನು ಕನ್ನಡ ರಾತ್ರಿಶಾಲೆಗೆ ಕಳಿಸಿದರು.